ತಂತಿಯ ಕೆಳಗೆ ಕೂಗುವ ಯಂತ್ರ

ಜಂಗಮಕೋಟೆ ಸುತ್ತಿನ ಹೊಲಗಳಲ್ಲಿ ಎಲ್ಲಿ ನಿಂತು ತಲೆ ಎತ್ತಿದರೂ ಒಂದಲ್ಲ ಒಂದು ತಂತಿ ಕಣ್ಣಿಗೆ ಬೀಳುತ್ತದೆ. ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಹಾದುಹೋದ 11 ಕೆ.ವಿ. ಲೈನು, ಅದಕ್ಕೆ ಜೋಡಿಸಿದ ಟಿಸಿ (ಟ್ರಾನ್ಸ್‌ಫಾರ್ಮರ್), ಟಿಸಿಯಿಂದ ಕೊಳವೆಬಾವಿಯ ಸ್ಟಾರ್ಟರ್ ಡಬ್ಬಿಗೆ ಎಳೆದ ವೈರು, ಪಕ್ಕದ ದ್ರಾಕ್ಷಿ ತೋಟದಲ್ಲಿ ಕಲ್ಲುಕಂಬದಿಂದ ಕಲ್ಲುಕಂಬಕ್ಕೆ ಬಿಗಿದ ಜಿ.ಐ. ತಂತಿಯ ಚಪ್ಪರ. ಇಂಥ ಹೊಲಕ್ಕೆ ಲೋಹಶೋಧಕ ಯಂತ್ರ ಹಿಡಿದು ಇಳಿದವರಿಗೆ ಮೊದಲು ಸಿಗುವುದು ಚಿನ್ನವೂ ಅಲ್ಲ, ಕಬ್ಬಿಣವೂ ಅಲ್ಲ, ಬರೀ ಸದ್ದು. ನೆಲದಲ್ಲಿ ಏನೂ ಇಲ್ಲದಿದ್ದರೂ ಯಂತ್ರ ಕೂಗುತ್ತದೆ. ಹತ್ತು ಹೆಜ್ಜೆ ಆಚೆ ಸರಿದರೆ ಸುಮ್ಮನಾಗುತ್ತದೆ, ಮತ್ತೆ ಲೈನಿನ ಕೆಳಗೆ ಬಂದರೆ ಮತ್ತೆ ಕೂಗುತ್ತದೆ.

ಈ ಕೂಗನ್ನು ನಂಬಿ ನೆಲ ಅಗೆದವರಿದ್ದಾರೆ. ನೀರು ಹುಡುಕುವ ಇನ್ನೊಂದು ಬಗೆಯ ಯಂತ್ರದ ಮುಳ್ಳು ಅಲುಗಿದ್ದನ್ನು ನಂಬಿ ಸಾವಿರ ಅಡಿ ಬೋರು ಕೊರೆಸಿ ಸಾಲಕ್ಕೆ ಸಿಕ್ಕಿದವರೂ ಇದ್ದಾರೆ. ಯಂತ್ರ ಸದ್ದು ಮಾಡಿತು ಎಂಬುದೊಂದೇ ಸಾಕ್ಷಿಯಲ್ಲ. ಆ ಸದ್ದು ಎಲ್ಲಿಂದ ಬಂತು ಎಂದು ತಿಳಿದ ಮೇಲಷ್ಟೇ ಅದು ಸಾಕ್ಷಿಯಾಗುತ್ತದೆ. ಇದನ್ನು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಜನ ತಿಳಿದುಕೊಳ್ಳಲೇಬೇಕು ಎಂದು ನನಗೆ ಅನ್ನಿಸಿದೆ. ಏಕೆಂದರೆ ಇಲ್ಲಿ ಇದರ ಬೆಲೆ ಲಕ್ಷಗಳಲ್ಲಿದೆ.

ಲೋಹಶೋಧಕದ ಕೆಲಸ ಕೇಳಲು ಸರಳ. ಕೋಲಿನ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರಿಂದ ಹುಟ್ಟಿದ ಕಾಂತಕ್ಷೇತ್ರ ನೆಲದೊಳಕ್ಕೆ ಇಳಿಯುತ್ತದೆ. ಅಲ್ಲೊಂದು ನಾಣ್ಯವೋ ಮೊಳೆಯೋ ಇದ್ದರೆ ಅದರ ಮೈಯಲ್ಲಿ ಸಣ್ಣ ಸುಳಿವಿದ್ಯುತ್ ಏಳುತ್ತದೆ, ಆ ಸುಳಿ ತನ್ನದೇ ಒಂದು ಕ್ಷೀಣ ಕಾಂತಕ್ಷೇತ್ರವನ್ನು ಹಿಂದಕ್ಕೆ ಕಳಿಸುತ್ತದೆ. ಎರಡನೇ ಸುರುಳಿಯ ಕೆಲಸ ಅದನ್ನು ಹಿಡಿಯುವುದು. ಮೊದಲ ಸುರುಳಿಯ ಅಬ್ಬರ ಎರಡನೆಯದಕ್ಕೆ ನೇರವಾಗಿ ತಾಗದಂತೆ ಅವೆರಡನ್ನೂ ಸಮತೋಲನದಲ್ಲಿ ಕೂರಿಸಿರುತ್ತಾರೆ. ಲೋಹ ಹತ್ತಿರ ಬಂದಾಗ ಆ ಸಮತೋಲ ಕದಡುತ್ತದೆ, ಆಗ ಸದ್ದು.

ಇಂಗ್ಲೆಂಡಿನ ಡೇವಿಡ್ ಹ್ಯೂಸ್ 1879ರಲ್ಲಿ ಈ ಸಮತೋಲನದ ಉಪಕರಣವನ್ನು ಮಾಡಿ ತೋರಿಸಿದ. ಎರಡೇ ವರ್ಷಕ್ಕೆ ಅದರ ಕಠಿಣ ಪರೀಕ್ಷೆ ಬಂತು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ ಗುಂಡು ಹಾರಿತು. ಗುಂಡು ದೇಹದೊಳಗೆ ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್-ರೇ ಇನ್ನೂ ಹುಟ್ಟಿರಲಿಲ್ಲ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಸುರುಳಿಗಳ ಉಪಕರಣ ಮಾಡಿಕೊಂಡು ಹಾಸಿಗೆಯ ಬಳಿ ಬಂದ. ಹೊರಗೆ ಚೆನ್ನಾಗಿ ಕೆಲಸ ಮಾಡಿದ ಯಂತ್ರ ಅಲ್ಲಿ ದೇಹದ ಬಹುಭಾಗದ ಮೇಲೆ ಗುಂಯ್‌ಗುಟ್ಟಿತು. ಅಧ್ಯಕ್ಷ ಮಲಗಿದ್ದ ಹಾಸಿಗೆಯಡಿ ಉಕ್ಕಿನ ಸ್ಪ್ರಿಂಗುಗಳಿದ್ದವು ಎಂಬುದು ಆಮೇಲೆ ಗೊತ್ತಾಯಿತು. ಸಾಲದ್ದಕ್ಕೆ ಮುಖ್ಯ ವೈದ್ಯರು ದೇಹದ ಬಲಭಾಗವನ್ನಷ್ಟೇ ಹುಡುಕಲು ಬಿಟ್ಟಿದ್ದರು, ಗುಂಡು ಇದ್ದದ್ದು ಎಡಕ್ಕೆ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಲೋಹಶೋಧಕದ ಮೊದಲ ದೊಡ್ಡ ಸೋಲು ಯಂತ್ರದ ಸೋಲಲ್ಲ, ಸುತ್ತಮುತ್ತ ಏನಿದೆ ಎಂದು ನೋಡದೆ ಸದ್ದನ್ನು ಅರ್ಥಮಾಡಿಕೊಳ್ಳಲು ಹೋದವರ ಸೋಲು.

ನಾಣ್ಯದಿಂದ ಮರಳುವ ಆ ಕ್ಷೇತ್ರ ಎಷ್ಟು ಸಣ್ಣದೆಂದರೆ, ತಟ್ಟೆಯಿಂದ ನಾಣ್ಯದ ದೂರ ಎರಡು ಪಟ್ಟಾದರೆ ಅದರ ಬಲ ಹೆಚ್ಚುಕಡಿಮೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅರ್ಧ ಅಡಿಯಲ್ಲಿ ಸ್ಪಷ್ಟವಾಗಿ ಸಿಗುವ ನಾಣ್ಯ ಒಂದು ಅಡಿಯಲ್ಲಿ ಮಾಯವಾಗುವುದು ಇದಕ್ಕೇ. ಆದ್ದರಿಂದ ಯಂತ್ರ ಮಾಡುವವರು ಕೇಳುವ ಸುರುಳಿಯ ಹಿಂದೆ ಬಲು ಚುರುಕಾದ ವರ್ಧಕ ಕೂರಿಸುತ್ತಾರೆ. ತೊಂದರೆ ಹುಟ್ಟುವುದು ಅಲ್ಲೇ. ತುಂಬಿದ ಸಂತೆಯಲ್ಲಿ ಪಿಸುಮಾತಿಗೆ ಕಿವಿಗೊಟ್ಟವನಿಗೆ ಪಕ್ಕದವನ ಕೂಗು ಕಿವಿಗೆ ಅಪ್ಪಳಿಸುವ ಹಾಗೆ, ನಾಣ್ಯದ ಕ್ಷೀಣ ಉತ್ತರಕ್ಕೆ ಕಾದ ಸುರುಳಿಗೆ ತಲೆಯ ಮೇಲಿನ ತಂತಿ ಅಪ್ಪಳಿಸುತ್ತದೆ.

ತಂತಿ ಮಾಡುವುದೇನು? ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಲೋಹಶೋಧಕಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದು 5ರಿಂದ 20 ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಸೆಕೆಂಡಿಗೆ 5,000ದಿಂದ 20,000 ಆವರ್ತನ. 50ಕ್ಕೂ 5,000ಕ್ಕೂ ಏನು ಸಂಬಂಧ ಎಂದು ಕೇಳಬಹುದು. ತಂತಿಯ ವಿದ್ಯುತ್ತು ನುಣುಪಾದ ಅಲೆಯಾಗಿದ್ದರೆ ಸಂಬಂಧ ಕಡಿಮೆ. ಆದರೆ ನಮ್ಮ ತಂತಿಗಳ ಅಲೆ ನುಣುಪಾಗಿ ಉಳಿದಿಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್, ಸೋಲಾರ್ ಇನ್ವರ್ಟರ್, ಮೋಟರಿನ ವೇಗ ಬದಲಿಸುವ ಡ್ರೈವ್ ಎಲ್ಲವೂ ಆ ಅಲೆಯನ್ನು ಕತ್ತರಿಸಿ ಕತ್ತರಿಸಿ ಹೀರುತ್ತವೆ. ಕತ್ತರಿಸಿದ ಅಲೆಯೊಳಗೆ 150, 250, 350 ಹೀಗೆ 50ರ ಪಟ್ಟುಗಳು ಸೇರಿಕೊಂಡು ಮೇಲಕ್ಕೆ ಏರುತ್ತಾ ಹೋಗುತ್ತವೆ. ಏರಿದಂತೆ ಬಲ ಕುಗ್ಗುತ್ತದೆ ನಿಜ, ಆದರೆ ನಾಣ್ಯದ ಉತ್ತರದ ಮುಂದೆ ಆ ಕುಗ್ಗಿದ ಬಲವೂ ದೊಡ್ಡದೇ.

ಇಲ್ಲೊಂದು ಸೂಕ್ಷ್ಮವಿದೆ, ನನಗಂತೂ ಬಹಳ ಹಿಡಿಸಿದ್ದು. ಯಂತ್ರದ ಆವರ್ತನವನ್ನು 50ರ ಯಾವ ಪಟ್ಟಿಗೂ ತಾಗದಂತೆ ನಡುವೆ ಎಲ್ಲೋ ಇಟ್ಟರಾಯಿತಲ್ಲ ಎನ್ನಿಸುತ್ತದೆ. ಇಡುತ್ತಾರೆ ಕೂಡ. ಆದರೆ ಗ್ರಿಡ್ಡಿನ 50 ಎಂಬುದು ಕಲ್ಲಿನ ಮೇಲೆ ಕೊರೆದ ಅಂಕಿಯಲ್ಲ. ಬೇಡಿಕೆ ಹೆಚ್ಚಾದರೆ ಕೊಂಚ ಇಳಿಯುತ್ತದೆ, ಕಡಿಮೆಯಾದರೆ ಕೊಂಚ ಏರುತ್ತದೆ. ಗ್ರಿಡ್ ನಿಯಮವೇ 49.90ರಿಂದ 50.05ರವರೆಗೆ ಅವಕಾಶ ಕೊಟ್ಟಿದೆ. 0.1 ಹರ್ಟ್ಸ್ ಇಳಿದರೆ ಮನೆಯ ಫ್ಯಾನಿಗೆ ಗೊತ್ತೂ ಆಗುವುದಿಲ್ಲ. ಆದರೆ 151ನೇ ಪಟ್ಟಿನಲ್ಲಿ, ಅಂದರೆ 7,550 ಹರ್ಟ್ಸ್ ಇದ್ದಲ್ಲಿ, ಅದೇ ಇಳಿತ 151 ಪಟ್ಟಾಗಿ 15 ಹರ್ಟ್ಸ್ ಆಗುತ್ತದೆ. ತಟ್ಟೆಯನ್ನು ನೆಲದ ಮೇಲೆ ಬೀಸಿದಾಗ ನಾಣ್ಯವೊಂದು ಹಾದುಹೋದರೆ ಏಳುವ ಏರಿಳಿತವೂ ಸೆಕೆಂಡಿಗೆ ಕೆಲವು ಬಾರಿಯಿಂದ ಹತ್ತಿಪ್ಪತ್ತು ಬಾರಿಯ ಒಳಗಿನದೇ. ಬೆಳಿಗ್ಗೆ ಸುಮ್ಮನಿದ್ದ ಯಂತ್ರ ಅದೇ ಜಾಗದಲ್ಲಿ ಸಂಜೆ ಕೂಗುವುದಕ್ಕೆ ಇದೂ ಒಂದು ಕಾರಣ. ಗ್ರಿಡ್ಡಿನ ಪಟ್ಟು ಜಾರಿ ಬಂದು ಯಂತ್ರದ ಆವರ್ತನದ ಪಕ್ಕ ಕೂತಿರುತ್ತದೆ. ಎರಡರ ನಡುವಿನ ಅಂತರ ನಿಧಾನದ ಏರಿಳಿತವಾಗಿ ಕೇಳಿಸುತ್ತದೆ, ಕೇಳುವವರಿಗೆ ಅದು ಲೋಹದಂತೆಯೇ ತೋರುತ್ತದೆ.

ವೋಲ್ಟೇಜು ಹೆಚ್ಚಿದ್ದಷ್ಟೂ ತೊಂದರೆ ಹೆಚ್ಚು ಎಂಬುದು ಜನರ ಎಣಿಕೆ. ಕಾಂತಕ್ಷೇತ್ರದ ಲೆಕ್ಕ ಹಾಗಿಲ್ಲ. ಅದು ಹುಟ್ಟುವುದು ಹರಿಯುವ ವಿದ್ಯುತ್ತಿನಿಂದ, ಆಂಪಿಯರುಗಳಿಂದ. ಒಂಟಿ ತಂತಿಯಲ್ಲಿ 100 ಆಂಪಿಯರ್ ಹರಿದರೆ 10 ಮೀಟರ್ ದೂರದಲ್ಲಿ 2 ಮೈಕ್ರೊಟೆಸ್ಲಾ ಕ್ಷೇತ್ರವಿರುತ್ತದೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಮೂರು ಫೇಸುಗಳಲ್ಲೂ ಸಮನಾಗಿ ಹರಿದರೆ ಮೂರರ ಕ್ಷೇತ್ರಗಳು ಬಹುಪಾಲು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ದೂರ ಸರಿದಂತೆ ಬೇಗ ಕರಗುತ್ತವೆ. ಆದ್ದರಿಂದ ಸಮತೂಕದಲ್ಲಿ ಓಡುವ 220 ಕೆ.ವಿ. ಲೈನಿಗಿಂತ ಒಂದು ಫೇಸಿನ ಮೇಲೆ ಭಾರವೆಲ್ಲ ಬಿದ್ದ ಹಳ್ಳಿಯ ಎಲ್‌.ಟಿ. ಲೈನು ಕೆಲವೊಮ್ಮೆ ಹೆಚ್ಚು ಕಾಡುತ್ತದೆ. ಫೇಸುಗಳು ಸಮನಾಗಿಲ್ಲದಿದ್ದರೆ ಉಳಿದ ವಿದ್ಯುತ್ತು ನ್ಯೂಟ್ರಲ್ ತಂತಿಯಲ್ಲೂ, ಟಿಸಿಯ ಅರ್ಥಿಂಗ್ ಮೂಲಕ ನೆಲದಲ್ಲೂ ಹರಿದು ಹಿಂದಿರುಗುತ್ತದೆ. ಈ ನೆಲದಲ್ಲಿ ಹರಿಯುವ ಭಾಗ ಮುಂದೆ ನೀರಿನ ವಿಚಾರಕ್ಕೆ ಬಂದಾಗ ಮತ್ತೆ ಎದುರಾಗುತ್ತದೆ.

ಲೈನು ಮೌನವಾಗಿರುವ ಹೊತ್ತೂ ಉಂಟು. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ದಿನವಿಡೀ ಬರುವುದಿಲ್ಲ, ಪಾಳಿಯ ಮೇಲೆ ಬರುತ್ತದೆ ಎಂಬುದು ಇಲ್ಲಿನ ಪ್ರತಿ ರೈತನಿಗೂ ಗೊತ್ತು. ಎಷ್ಟೋ ಮನೆಗಳ ನಿದ್ದೆಯ ಹೊತ್ತು ತೀರ್ಮಾನವಾಗುವುದೇ ಆ ಪಾಳಿಯಿಂದ. ಮೋಟರುಗಳೆಲ್ಲ ಓಡುವಾಗ ಆ ಫೀಡರಿನ ಕೆಳಗೆ ಇರುವ ಕಾಂತಕ್ಷೇತ್ರವೇ ಬೇರೆ, ಪಾಳಿ ಮುಗಿದ ಮೇಲೆ ಇರುವುದೇ ಬೇರೆ.

ಇದಕ್ಕಿಂತ ಕೆಟ್ಟ ಸದ್ದು ಬರುವುದು ಹಾಳಾದ ಸಾಮಾನಿನಿಂದ. ಬಿರುಕು ಬಿಟ್ಟ ಪಿನ್ ಇನ್ಸುಲೇಟರ್, ಸಡಿಲಾದ ಜಂಪರ್, ತುಕ್ಕು ಹಿಡಿದ ಬೋಲ್ಟು, ತಂತಿಗೆ ತಾಗುವ ಕೊಂಬೆ ಇವುಗಳಲ್ಲಿ ಕೂದಲೆಳೆಯಷ್ಟು ಸಂದು ಇರುತ್ತದೆ. ವೋಲ್ಟೇಜು ಶಿಖರಕ್ಕೇರಿದಾಗ ಆ ಸಂದಿನಲ್ಲಿ ಕಿಡಿ ಹಾರುತ್ತದೆ. ಆವರ್ತನಕ್ಕೆ ಎರಡು ಶಿಖರ, ಹಾಗಾಗಿ ಸೆಕೆಂಡಿಗೆ 100 ಬಾರಿ. ಪ್ರತಿ ಕಿಡಿಯೂ ಕಿಲೋಹರ್ಟ್ಸಿನಿಂದ ಹಿಡಿದು ಹತ್ತಾರು, ನೂರಾರು ಮೆಗಾಹರ್ಟ್ಸ್ ತನಕ ಒಟ್ಟಿಗೇ ಸದ್ದು ಚೆಲ್ಲುತ್ತದೆ. ಇದರ ಗುರುತು ಬಲು ಸುಲಭ: ಬಿಸಿಲಿನ ಒಣ ದಿನಗಳಲ್ಲಿ ಜೋರು, ಮಳೆ ಬಿದ್ದು ಸಂದು ಒದ್ದೆಯಾದ ಮೇಲೆ ಹೆಚ್ಚಾಗಿ ನಿಂತುಹೋಗುತ್ತದೆ. 220, 400 ಕೆ.ವಿ. ಲೈನುಗಳ ಕರೋನಾ (ತಂತಿಯ ಸುತ್ತಲ ಗಾಳಿಗೆ ಸೋರುವ ವಿದ್ಯುತ್ತು) ಸದ್ದಿನದು ಇದಕ್ಕೆ ತಿರುಗಾಮುರುಗಾ. ಅದು ಮಂಜು, ತುಂತುರಿನಲ್ಲಿ ಏರುತ್ತದೆ. ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಇದ್ದರೆ ಮೀಡಿಯಂ ವೇವ್‌ನಲ್ಲಿ, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಿಂದ ಆಚೆಗೆ, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಲೈನಿನ ಉದ್ದಕ್ಕೂ ನಡೆದು ನೋಡಿ. ಕೆಟ್ಟ ಕಂಬದ ಹತ್ತಿರ ಚರಚರ ಸದ್ದು ಏರುವುದು ಕಿವಿಗೇ ತಿಳಿಯುತ್ತದೆ. ಇಂಥ ಸದ್ದಿನ ಮೂಲ ಹುಡುಕುವವರು ಎಲ್ಲ ಕಡೆ ಮೊದಲು ಮಾಡುವ ಕೆಲಸವೂ ಇದೇ.

ಹಾಗಾದರೆ ತಂತಿಯ ಕೂಗು ಯಾವುದು, ನೆಲದ ಕೂಗು ಯಾವುದು? ತಟ್ಟೆಯನ್ನು ಅಲ್ಲಾಡಿಸದೆ ಹಿಡಿದು ನಿಲ್ಲಿ. ಇಂದಿನ ಯಂತ್ರಗಳಲ್ಲಿ ಬಹುಪಾಲು ತಟ್ಟೆ ಚಲಿಸಿದರಷ್ಟೇ ಲೋಹಕ್ಕೆ ಉತ್ತರ ಕೊಡುವಂಥವು. ನಿಂತ ತಟ್ಟೆ ಕೂಗುತ್ತಲೇ ಇದ್ದರೆ ಅದು ಹೊರಗಿನ ಸದ್ದು. ತಟ್ಟೆಯನ್ನು ಸೊಂಟದೆತ್ತರಕ್ಕೆ ಎತ್ತಿ. ನೆಲದೊಳಗಿನ ವಸ್ತುವಾದರೆ ಸದ್ದು ಥಟ್ಟನೆ ಸಾಯಬೇಕು, ತಂತಿಯದಾದರೆ ಹಾಗೇ ಇರುತ್ತದೆ, ಇಲ್ಲವೇ ಹೆಚ್ಚುತ್ತದೆ. ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿ ನಿಂತಲ್ಲೇ ಸುತ್ತ ತಿರುಗಿದರೆ ಒಂದು ದಿಕ್ಕಿನಲ್ಲಿ ಜೋರಾಗಿ, ಇನ್ನೊಂದು ದಿಕ್ಕಿನಲ್ಲಿ ಕುಗ್ಗಿ, ಲೈನು ಎಲ್ಲಿದೆ ಎಂಬುದನ್ನೇ ಅದು ಹೇಳಿಬಿಡುತ್ತದೆ. ಇವಿಷ್ಟಕ್ಕೆ ಯಾವ ಓದೂ ಬೇಕಿಲ್ಲ. ಸಂವೇದನೆಯ ಗುಂಡಿಯನ್ನು ತಗ್ಗಿಸುವುದು, ಆವರ್ತನ ಬದಲಿಸುವುದು, ಚಿಕ್ಕ ತಟ್ಟೆ ಹಾಕುವುದು ಎಲ್ಲವೂ ಉಪಾಯಗಳೇ, ಆದರೆ ಸಂವೇದನೆ ತಗ್ಗಿದಷ್ಟೂ ಆಳವೂ ತಗ್ಗುತ್ತದೆ. ಎಂಟು ಅಂಕಿಯ ಆಕಾರದಲ್ಲಿ ಸುತ್ತಿದ ಸುರುಳಿ ಮಾತ್ರ ಜಾಣತನದ್ದು. ದೂರದ ತಂತಿಯ ಕ್ಷೇತ್ರ ಅದರ ಎರಡೂ ಕಣ್ಣುಗಳಿಗೆ ಸಮನಾಗಿ ತಾಗಿ ಒಂದನ್ನೊಂದು ಕಳೆಯುತ್ತದೆ, ಹತ್ತಿರದ ನಾಣ್ಯ ಒಂದೇ ಕಣ್ಣಿಗೆ ತಾಗಿ ಉಳಿಯುತ್ತದೆ.

ನಮ್ಮ ಕೆಂಪು ಮಣ್ಣೂ ತನ್ನ ಪಾಲಿನ ಸದ್ದು ಸೇರಿಸುತ್ತದೆ. ಅದರಲ್ಲಿರುವ ಕಬ್ಬಿಣದ ಆಕ್ಸೈಡು ಸುರುಳಿಗೆ ಉತ್ತರ ಕೊಡುತ್ತದೆ. ತಟ್ಟೆಯನ್ನು ಮೇಲೆ ಕೆಳಗೆ ಆಡಿಸಿ ಯಂತ್ರವನ್ನು ಮಣ್ಣಿಗೆ ಹೊಂದಿಸಿಕೊಳ್ಳಬೇಕು. ದ್ರಾಕ್ಷಿ ಚಪ್ಪರದ ಅಡಿಯಲ್ಲಂತೂ ಹುಡುಕುವ ಆಸೆಯನ್ನೇ ಬಿಡುವುದು ಲೇಸು. ಮೇಲಿನ ತಂತಿಜಾಲವೂ ಲೋಹವೇ, ಪಕ್ಕದ ಲೈನಿನಿಂದ ಅದರಲ್ಲಿ ಪ್ರೇರಿತ ವಿದ್ಯುತ್ತೂ ಸುತ್ತುತ್ತಿರುತ್ತದೆ.

ಲೋಹಶೋಧಕದಿಂದ ನಮ್ಮಲ್ಲಿ ನಿಜವಾದ ಉಪಯೋಗವೂ ಇದೆ. ಹಾಲಿನ ಊರುಗಳಲ್ಲಿ ಮೇವಿನ ಜೊತೆ ತಂತಿ ಚೂರನ್ನೋ ಮೊಳೆಯನ್ನೋ ನುಂಗಿದ ಹಸುಗಳು ಪಶುವೈದ್ಯರಿಗೆ ಹೊಸವಲ್ಲ. ಲೋಹ ಎರಡನೇ ಹೊಟ್ಟೆಯಲ್ಲಿ ಕೂತು, ಮುಂದಕ್ಕೆ ಚುಚ್ಚಿದರೆ ಹೃದಯದ ಪೊರೆಯನ್ನೇ ತಲುಪುತ್ತದೆ. ಎದೆಯ ಕೆಳಗೆ ಲೋಹಶೋಧಕ ಆಡಿಸಿ ನೋಡುವುದು ಪತ್ತೆಯ ಒಂದು ದಾರಿ. ಕೊಟ್ಟಿಗೆಯ ಕಬ್ಬಿಣದ ಕಂಬ, ಸರಪಳಿ, ತಲೆಯ ಮೇಲಿನ ಟ್ಯೂಬ್‌ಲೈಟಿನ ವೈರಿನಿಂದ ಹಸುವನ್ನು ದೂರ ಕರೆತಂದು ಬಯಲಲ್ಲಿ ನಿಲ್ಲಿಸಿ ನೋಡಿದರೆ ಫಲ ಹೆಚ್ಚು. ಬೆಲ್‌ಗೆ ಹಾಸಿಗೆ ಮಾಡಿದ ಮೋಸ ಕೊಟ್ಟಿಗೆಯಲ್ಲೂ ನಡೆಯುತ್ತದೆ.

ಈಗ ನೀರಿಗೆ ಬರುತ್ತೇನೆ. ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ರೇಷ್ಮೆಯಾಗಲಿ ತರಕಾರಿಯಾಗಲಿ ಹಾಲಾಗಲಿ, ನಿಂತಿರುವುದು ಕೊಳವೆಬಾವಿಯ ಮೇಲೆ. ಸಾವಿರ ಅಡಿ, ಹದಿನೈದು ನೂರು ಅಡಿಯ ಬೋರುಗಳು ಇಲ್ಲಿ ಯಾರಿಗೂ ಅಚ್ಚರಿಯಲ್ಲ. ಜಾಗ ತೋರಿಸುವವರಲ್ಲಿ ತೆಂಗಿನಕಾಯಿ ಹಿಡಿದವರು ಇದ್ದಾರೆ, ಬಾಗಿದ ಕಡ್ಡಿ ಹಿಡಿದವರು ಇದ್ದಾರೆ, ಮೀಟರ್ ತಂದವರೂ ಇದ್ದಾರೆ. ತೆಂಗಿನಕಾಯಿಯ ಬಗ್ಗೆ ವಾದ ಮಾಡಲು ನಾನು ಇಲ್ಲಿ ಹೊರಟಿಲ್ಲ. ಮೀಟರಿನ ಬಗ್ಗೆ ಹೇಳಬೇಕಾದ್ದಿದೆ, ಏಕೆಂದರೆ ಅದು ನಿಜವಾದ ವಿಜ್ಞಾನ. ಸರಿಯಾಗಿ ಬಳಸದಿದ್ದರೆ ವಿಜ್ಞಾನದ ಹೆಸರಿನಲ್ಲೇ ನಷ್ಟವಾಗುತ್ತದೆ.

ಆ ಮೀಟರ್ ಅಳೆಯುವುದು ನೆಲದ ವಿದ್ಯುತ್ ರೋಧವನ್ನು. ಒಂದೇ ಸಾಲಿನಲ್ಲಿ ನಾಲ್ಕು ಗೂಟ ಹೊಡೆಯುತ್ತಾರೆ. ಹೊರಗಿನ ಎರಡರಿಂದ ನೆಲಕ್ಕೆ ವಿದ್ಯುತ್ ಕೊಡುತ್ತಾರೆ, ಒಳಗಿನ ಎರಡರ ನಡುವೆ ಏಳುವ ವೋಲ್ಟೇಜನ್ನು ಓದುತ್ತಾರೆ. ಗಟ್ಟಿ ಬಂಡೆಯಾದರೆ ರೋಧ ಹೆಚ್ಚು, ಶಿಥಿಲವಾಗಿ ನೀರು ಹೀರಿದ ಕಲ್ಲಾದರೆ ಕಡಿಮೆ. ಹೊರಗಿನ ಗೂಟಗಳನ್ನು ದೂರ ದೂರ ಒಯ್ದಂತೆ ವಿದ್ಯುತ್ತು ಆಳಕ್ಕೆ ಇಳಿಯುತ್ತದೆ. ಒಳಗಿನ ಗೂಟಗಳಲ್ಲಿ ಸಿಗುವ ವೋಲ್ಟೇಜು ಮಿಲಿವೋಲ್ಟುಗಳಷ್ಟು, ದೂರ ಹೆಚ್ಚಿದಂತೆ ಅದಕ್ಕೂ ಕಡಿಮೆ. ಪಕ್ಕದ ಟಿಸಿಯ ಅರ್ಥಿಂಗಿನಿಂದ ನೆಲಕ್ಕಿಳಿದು ಹರಿಯುವ 50 ಹರ್ಟ್ಸಿನ ವಿದ್ಯುತ್ತು ಇದಕ್ಕಿಂತ ದೊಡ್ಡ ವೋಲ್ಟೇಜನ್ನು ಅದೇ ಗೂಟಗಳ ನಡುವೆ ಎಬ್ಬಿಸಬಲ್ಲದು. ಲೈನಿಗೆ ಸಮಾನಾಂತರವಾಗಿ ನೂರಾರು ಮೀಟರ್ ಎಳೆದ ಕೇಬಲ್ಲಿನಲ್ಲಿ ಲೈನೇ ವೋಲ್ಟೇಜನ್ನು ಪ್ರೇರಿಸುತ್ತದೆ. ಅದು ಅಳತೆ ಕೆಡಿಸುವುದಷ್ಟೇ ಅಲ್ಲ, ಕೇಬಲ್ ಹಿಡಿದವರಿಗೂ ಅಪಾಯ. ಹಳೆಯ ಬೋರಿನ ಕಬ್ಬಿಣದ ಕೇಸಿಂಗು, ಹೂತ ಜಿ.ಐ. ಪೈಪು, ತಂತಿ ಬೇಲಿ ಇದ್ದರೆ ವಿದ್ಯುತ್ತು ನೆಲ ಬಿಟ್ಟು ಅವುಗಳಲ್ಲೇ ಹರಿದುಬಿಡುತ್ತದೆ. ಆಗ ಮೀಟರ್ ರೋಧ ಕಡಿಮೆ ಎಂದು ತೋರಿಸುತ್ತದೆ. ಕಡಿಮೆ ರೋಧ ಎಂದರೆ ನೀರು ಎಂದು ಓದುವವರು ಅಲ್ಲೇ ಗುರುತು ಹಾಕುತ್ತಾರೆ.

“ಇಲ್ಲೇ ಐತೆ ನೋಡಣ್ಣ, ಮುಳ್ಳು ಹೆಂಗೆ ಬಿತ್ತು!” ಎಂದಾಗ ಮುಳ್ಳು ಬಿದ್ದದ್ದು ನೀರಿಗೋ, ಪಕ್ಕದ ಹೊಲದವರ ಹಳೇ ಪೈಪಿಗೋ ಎಂದು ಕೇಳುವ ಹಕ್ಕು ಹಣ ಕೊಡುವವರಿಗಿದೆ.

ಒಳ್ಳೆಯ ಭೂವಿಜ್ಞಾನಿ ಏನು ಮಾಡುತ್ತಾರೆ? ವಿದ್ಯುತ್ತಿನ ದಿಕ್ಕನ್ನು ಮತ್ತೆ ಮತ್ತೆ ತಿರುಗಿಸಿ, ಪ್ರತಿ ಜಾಗದಲ್ಲೂ ಹಲವು ಬಾರಿ ಅಳೆದು ಸರಾಸರಿ ತೆಗೆಯುತ್ತಾರೆ. ತಾವು ಕಳಿಸಿದ ವಿದ್ಯುತ್ತಿಗೆ ತಾಳ ಹಾಕದ ಸದ್ದು ಸರಾಸರಿಯಲ್ಲಿ ಕರಗುತ್ತದೆ. ಗೂಟಗಳ ಸಾಲನ್ನು ಲೈನಿಗೆ ಅಡ್ಡಲಾಗಿ ಇಡುತ್ತಾರೆ, ಸಾಧ್ಯವಾದರೆ ಪಂಪಿನ ಪಾಳಿ ಮುಗಿದ ಹೊತ್ತನ್ನು ಆರಿಸಿಕೊಳ್ಳುತ್ತಾರೆ. ಒಂದೇ ಅಳತೆಗೆ ತೀರ್ಪು ಕೊಡುವುದಿಲ್ಲ. ಇನ್ನೂ ಒಂದು ಮಾತನ್ನು ಅವರು ಪ್ರಾಮಾಣಿಕವಾಗಿ ಹೇಳುತ್ತಾರೆ: ಈ ವಿಧಾನದಲ್ಲಿ ನೋಡಬೇಕಾದ ಆಳದ ಮೂರು ನಾಲ್ಕು ಪಟ್ಟಾದರೂ ಉದ್ದಕ್ಕೆ ಹೊರಗಿನ ಗೂಟಗಳು ಹರಡಿರಬೇಕು. 1,500 ಅಡಿ ಎಂದರೆ ಸುಮಾರು 450 ಮೀಟರ್. ಅಷ್ಟು ಆಳ ನೋಡಲು ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರಿನಷ್ಟು ನೇರ ಸಾಲು ಬೇಕು. ಎರಡೆಕರೆ ಹೊಲದಲ್ಲಿ ನೂರು ಮೀಟರ್ ಕೇಬಲ್ ಹಾಸಿ, ಸಾವಿರದ ಇನ್ನೂರು ಅಡಿಗೆ ಎರಡಿಂಚು ನೀರು ಎಂದು ಹೇಳುವವರು ಮೀಟರ್ ಓದಿ ಹೇಳುತ್ತಿಲ್ಲ.

ಸದ್ದನ್ನು ಸರಾಸರಿಯಲ್ಲಿ ಕರಗಿಸುವ ವಿದ್ಯೆಗೆ ನಮ್ಮ ಜಿಲ್ಲೆ ಜಗತ್ತಿನಲ್ಲೇ ಹೆಸರಾದದ್ದು ಎಂಬುದು ಇಲ್ಲಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಗೌರಿಬಿದನೂರಿನಲ್ಲಿ 1965ರಲ್ಲಿ ಇಂದಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಜೊತೆ ಸೇರಿ ಭೂಕಂಪಮಾಪಕಗಳ ಒಂದು ವ್ಯೂಹವನ್ನೇ ಕಟ್ಟಿತು. ಇಂಗ್ಲಿಷಿನ ಎಲ್ ಅಕ್ಷರದ ಎರಡು ತೋಳುಗಳ ಮೇಲೆ ಹಳ್ಳಿಗಳ ನಡುವೆ ಮೈಲುಗಟ್ಟಲೆ ಚಾಚಿಕೊಂಡ 20 ಮಾಪಕಗಳು. ದೂರದ ದೇಶಗಳಲ್ಲಿ ನೆಲದಡಿ ನಡೆಯುವ ಅಣುಸ್ಫೋಟವನ್ನು ಇಲ್ಲಿನ ಪ್ರಾಚೀನ ಬಂಡೆಯ ಮೇಲೆ ಕೂತು ಗುರುತಿಸುವುದು ಅದರ ಉದ್ದೇಶ. ಒಂದೊಂದು ಮಾಪಕದ ಹತ್ತಿರವೂ ಗಾಡಿ, ಟ್ರ್ಯಾಕ್ಟರ್, ಗಾಳಿ, ಮೋಟರ್ ತಮ್ಮ ತಮ್ಮ ಕಂಪನ ಸೇರಿಸುತ್ತವೆ. ಆದರೆ ಒಂದರ ಬಳಿಯ ಟ್ರ್ಯಾಕ್ಟರ್ ಇನ್ನೊಂದಕ್ಕೆ ಕೇಳುವುದಿಲ್ಲ. ದೂರದಿಂದ ಬಂದ ಕಂಪನ ಮಾತ್ರ ಲೆಕ್ಕ ಹಾಕಬಹುದಾದ ಅಂತರದಲ್ಲಿ ಒಂದಾದ ಮೇಲೊಂದರಂತೆ ಇಪ್ಪತ್ತನ್ನೂ ಮುಟ್ಟುತ್ತದೆ. ಆ ಅಂತರವನ್ನು ಸರಿಪಡಿಸಿ ಇಪ್ಪತ್ತನ್ನೂ ಕೂಡಿದರೆ ಸ್ಫೋಟದ ಗುರುತು ಎದ್ದು ನಿಲ್ಲುತ್ತದೆ. ಸದ್ದಿನ ಎದುರು ಅದರ ಸ್ಪಷ್ಟತೆ ನಾಲ್ಕೂವರೆ ಪಟ್ಟಿನಷ್ಟು ಏರುತ್ತದೆ.

ಅದೇ ತಾಲ್ಲೂಕಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಸೇರಿ 1970ರ ದಶಕದಲ್ಲಿ ರೇಡಿಯೊ ದೂರದರ್ಶಕ ಕಟ್ಟಿದವು. ಗುಂಡನೆಯ ಬಟ್ಟಲಿನ ಆಂಟೆನಾ ಅಲ್ಲ ಅದು. ಹೊಲದ ಮೇಲೆ ಟಿ ಆಕಾರದಲ್ಲಿ ಹರಡಿದ ಒಂದು ಸಾವಿರ ದ್ವಿಧ್ರುವ ಆಂಟೆನಾಗಳು. ಪೂರ್ವ ಪಶ್ಚಿಮವಾಗಿ 1.4 ಕಿ.ಮೀ., ದಕ್ಷಿಣಕ್ಕೆ 0.45 ಕಿ.ಮೀ. ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್‌ನಲ್ಲಿ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿ.ಮೀ. ದೂರದ ಈ ಜಾಗ, ಸುತ್ತ ಬೆಟ್ಟಗಳ ಮರೆ, ರೇಡಿಯೊ ಗದ್ದಲ ಕಡಿಮೆಯಿರುವ ಬಯಲು. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಈ ದೂರದರ್ಶಕದಿಂದ ತಯಾರಿಸಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ಅಷ್ಟು ಕಡಿಮೆ ಆವರ್ತನದಲ್ಲಿ ಆಕಾಶದ ಅಷ್ಟು ದೊಡ್ಡ ಭಾಗವನ್ನು ತೋರಿಸಿದ ನಕ್ಷೆಗಳು ಜಗತ್ತಿನಲ್ಲೇ ವಿರಳ. 1997ರಿಂದ ಸೂರ್ಯನನ್ನು ನೋಡುವ ರೇಡಿಯೊ ಹೀಲಿಯೋಗ್ರಾಫ್ ಕೂಡ ಅಲ್ಲಿದೆ.

ಕಂಬದ ಮೇಲಿನ ಕಿಡಿಯ ಸದ್ದು ಹತ್ತಾರು ಮೆಗಾಹರ್ಟ್ಸ್ ತನಕ ಹರಡುತ್ತದೆ ಎಂದು ಮೇಲೆ ಹೇಳಿದೆ. ಗೌರಿಬಿದನೂರು ಆಲಿಸುವುದೂ ಅದೇ ಹರವಿನಲ್ಲಿ. ನಕ್ಷತ್ರಗಳ ನಡುವಿನಿಂದ ಸಾವಿರಾರು ವರ್ಷ ಪಯಣಿಸಿ ಬಂದ ಕ್ಷೀಣ ಅಲೆಯನ್ನು ಒಂದು ಬಿರುಕು ಬಿಟ್ಟ ಇನ್ಸುಲೇಟರ್ ಮುಚ್ಚಿಬಿಡಬಲ್ಲದು. ಪುಣೆ ಬಳಿಯ ನಾರಾಯಣಗಾಂವ್‌ನ ಜಿಎಂಆರ್‌ಟಿ ದೂರದರ್ಶಕಕ್ಕೂ ವಿದ್ಯುತ್ ಲೈನುಗಳ ಕಿಡಿಯೇ ದೊಡ್ಡ ಕಾಟ. ಅದನ್ನು ಬಂದ ಕ್ಷಣದಲ್ಲೇ ಗುರುತಿಸಿ ತೆಗೆದುಹಾಕುವ ವ್ಯವಸ್ಥೆಯನ್ನು ಅಲ್ಲಿನ ಎಂಜಿನಿಯರುಗಳು ರೂಪಿಸಬೇಕಾಯಿತು. ಈ ವಿಜ್ಞಾನ ಹುಟ್ಟಿದ್ದೂ ಸದ್ದಿನ ಮೂಲ ಹುಡುಕುವುದರಿಂದಲೇ. 1930ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ಲ್ ಜಾನ್ಸ್ಕಿ ರೇಡಿಯೊ ಟೆಲಿಫೋನಿಗೆ ಅಡ್ಡ ಬರುವ ಕರಕರ ಎಲ್ಲಿಂದ ಬರುತ್ತದೆ ಎಂದು 20.5 ಮೆಗಾಹರ್ಟ್ಸ್‌ನಲ್ಲಿ ಹುಡುಕುತ್ತಿದ್ದ. ಗುಡುಗು ಸಿಡಿಲಿನ ಪಾಲನ್ನೆಲ್ಲ ಬೇರ್ಪಡಿಸಿದ ಮೇಲೂ ಒಂದು ಸಣ್ಣ ಸುಯ್ಯೆನ್ನುವ ಸದ್ದು ಉಳಿಯಿತು. ಅದು ಪ್ರತಿದಿನ ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು, ನಕ್ಷತ್ರಗಳು ಉದಯಿಸುವ ಲೆಕ್ಕದಲ್ಲಿ. ಆಕಾಶಗಂಗೆಯ ಸದ್ದು ಅದು. ಅವನು ಮೊದಲ ದಿನವೇ ಇದು ಆಕಾಶದ್ದು ಎಂದು ಕೂಗಿಕೊಂಡಿದ್ದರೆ ಯಾರೂ ನಂಬಬೇಕಾಗಿರಲಿಲ್ಲ. ಒಂದೊಂದೇ ಮೂಲವನ್ನು ಪರೀಕ್ಷಿಸಿ ಕಳೆದ ಮೇಲೆ ಹೇಳಿದ, ಜಗತ್ತು ನಂಬಿತು.

ಆ ತಾಳ್ಮೆಗೆ ನೇರ ವಿರುದ್ಧವಾದದ್ದು ನಿಧಿಯ ಹುಚ್ಚು. ರಾತ್ರಿಯ ಹೊತ್ತು ಪಾಳು ಗುಡಿಯ ಗರ್ಭಗುಡಿ ಅಗೆದವರು, ವೀರಗಲ್ಲು ಕಿತ್ತು ಬೀಳಿಸಿದವರು, ಮಾಸ್ತಿಕಲ್ಲಿನ ಬುಡ ಒಡೆದವರ ಸುದ್ದಿ ರಾಜ್ಯದ ಯಾವುದಾದರೂ ಜಿಲ್ಲೆಯಿಂದ ಬರುತ್ತಲೇ ಇರುತ್ತದೆ. ಮೊದಲು ಮಾಟಮಂತ್ರದವರ ಮಾತು ಕೇಳುತ್ತಿದ್ದವರು ಈಗ ಯಂತ್ರದ ಮಾತು ಕೇಳುತ್ತಾರೆ. ಊರಹೊರಗಿನ ವೀರಗಲ್ಲಿನ ಪಕ್ಕದಲ್ಲೇ ಲೈನು ಹಾದುಹೋಗಿರುತ್ತದೆ, ಯಂತ್ರ ಕೂಗುತ್ತದೆ, ಊರು ಕಾಯಲು ಸತ್ತವನ ಕಲ್ಲು ಮಣ್ಣುಪಾಲಾಗುತ್ತದೆ. ಆ ಕಲ್ಲಿನ ಮೇಲಿನ ಎರಡು ಸಾಲಿನ ಶಾಸನ ಎಷ್ಟೋ ಬಾರಿ ಆ ಊರಿನ ಹೆಸರಿಗೆ ಇರುವ ಅತಿ ಹಳೆಯ ದಾಖಲೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡಲಾರೆ.

ನೂರಾರು ಮೀಟರ್ ದೂರದಿಂದಲೇ ಚಿನ್ನ ತೋರಿಸುತ್ತದೆ ಎಂದು ಮಾರುವ, ಕೈಯಲ್ಲಿ ಹಿಡಿದಾಗ ಕಡ್ಡಿ ತಿರುಗುವ ಸಾಧನಗಳು ಇನ್ನೂ ದೊಡ್ಡ ಮೋಸ. ಬ್ರಿಟನ್ನಿನ ಜೇಮ್ಸ್ ಮೆಕ್‌ಕಾರ್ಮಿಕ್ ಎಂಬಾತ ಇಂಥದೇ ಆಟಿಕೆಯನ್ನು ಎಡಿಇ 651 ಎಂಬ ಹೆಸರಿಟ್ಟು ಬಾಂಬ್ ಪತ್ತೆ ಯಂತ್ರವೆಂದು ಇರಾಕಿಗೆ ಮಾರಿದ. ಅದರೊಳಗೆ ಕೆಲಸ ಮಾಡುವ ಯಾವ ವಿದ್ಯುತ್ ಮಂಡಲವೂ ಇರಲಿಲ್ಲ, ಕಡ್ಡಿ ತಿರುಗುತ್ತಿದ್ದದ್ದು ಹಿಡಿದವರ ಮಣಿಕಟ್ಟಿನ ಅರಿವಿಗೆ ಬಾರದ ಅಲುಗಾಟದಿಂದ. 2013ರಲ್ಲಿ ಅವನಿಗೆ 10 ವರ್ಷ ಜೈಲು ಶಿಕ್ಷೆಯಾಯಿತು. ನಿಜವಾದ ಲೋಹಶೋಧಕಕ್ಕೆ ತಂತಿಯ ಕೆಳಗೆ ತೊಂದರೆಯಾಗುತ್ತದೆ, ಏಕೆಂದರೆ ಅದು ನಿಜವಾಗಿ ಕೇಳುತ್ತದೆ. ಹೈಟೆನ್ಷನ್ ಲೈನಿನ ಕೆಳಗೂ ಒಂದಿಷ್ಟೂ ತೊಂದರೆಪಡದೆ ದೂರದ ಚಿನ್ನ ತೋರಿಸುವ ಯಂತ್ರವನ್ನು ನಂಬಬೇಡಿ.

ಕಾಯ್ದೆ ಸ್ಪಷ್ಟವಾಗಿದೆ. 1878ರ ಭಾರತೀಯ ನಿಧಿ ಕಾಯ್ದೆಯ ಕಾಲದಿಂದಲೂ ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕವರು ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು, ಬಚ್ಚಿಟ್ಟರೆ ಶಿಕ್ಷೆಯಿದೆ. ರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಬೇರೆಯೇ ಅಪರಾಧ. 1891ರಲ್ಲಿ ಯಶವಂತಪುರದಲ್ಲಿ ರೈಲು ಹಳಿಯ ಕೆಲಸಕ್ಕೆ ಮಣ್ಣು ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ಗಡಿಗೆ ಸಿಕ್ಕಿ, ಅದು ದಾಖಲಾದ್ದರಿಂದಲೇ ಎರಡು ಸಾವಿರ ವರ್ಷದ ಹಿಂದೆ ನಮ್ಮ ಈ ಭಾಗಕ್ಕೂ ರೋಮ್‌ಗೂ ಇದ್ದ ವ್ಯಾಪಾರದ ಸುಳಿವು ಇಂದು ನಮ್ಮ ಕೈಯಲ್ಲಿದೆ. ಅದನ್ನು ಕದ್ದು ಕರಗಿಸಿದ್ದರೆ ನಾಲ್ಕು ದಿನದ ಬೆಳ್ಳಿ ಆಗುತ್ತಿತ್ತು, ಅಷ್ಟೇ.

ಬೋರು ಹಾಕಿಸುವ ಮೊದಲು ಮೀಟರ್ ತಂದವರನ್ನು ಮೂರು ಮಾತು ಕೇಳಿ. ಗೂಟದ ಸಾಲು ಎಷ್ಟು ಉದ್ದ? ಲೈನು, ಟಿಸಿ, ಹಳೇ ಕೇಸಿಂಗಿನಿಂದ ಎಷ್ಟು ದೂರ? ಇದೇ ಅಳತೆಯನ್ನು ಪಂಪು ನಿಂತಾಗ ಇನ್ನೊಮ್ಮೆ ತೆಗೆದು ತೋರಿಸುತ್ತೀರಾ? ಉತ್ತರ ಕೊಡದವರಿಗೆ ಹಣ ಕೊಡಬೇಡಿ. ಹೊಲದ ಕಂಬವೊಂದು ಒಣ ಹವೆಯಲ್ಲಿ ಚರಗುಟ್ಟುತ್ತಿದ್ದರೆ, ರಾತ್ರಿ ಇನ್ಸುಲೇಟರ್ ಬಳಿ ನೀಲಿ ಕಿಡಿ ಕಂಡರೆ, ಅದು ಬರೀ ರೇಡಿಯೊ ಕೆಡಿಸುವ ಸದ್ದಲ್ಲ. ತಂತಿ ಕಡಿದು ಬೀಳುವ, ಕಂಬಕ್ಕೆ ಕರೆಂಟು ಇಳಿಯುವ ಮುನ್ಸೂಚನೆಯೂ ಆಗಿರಬಹುದು. ಕಂಬವನ್ನೂ ಅದರ ಸ್ಟೇ ತಂತಿಯನ್ನೂ ಮುಟ್ಟಬೇಡಿ, ದನಗಳನ್ನು ಅಲ್ಲಿ ಕಟ್ಟಬೇಡಿ. ವಿದ್ಯುತ್ ಕಂಪನಿ ಬೆಸ್ಕಾಂನ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಊರು, ಸರ್ವೆ ನಂಬರ್, ಕಂಬದ ಗುರುತು ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.